ಹೈಲೈಟ್ ಉಳಿಸಿ, ಆದರೆ ಬೆಳಕಿಗೆ ಜಿಪುಣತನ ಬೇಡ

ಗೆಳೆಯರೇ, ಈಗಷ್ಟೇ ಹೊರಗೆ ತೂಗುಹಾಕಿರುವ ನಿಮ್ಮ ಪ್ರಿಂಟ್‌ಗಳನ್ನು ನೋಡಿ ಬಂದೆ. ಕಂಪೋಸಿಷನ್ ಚೆನ್ನಾಗಿದೆ, ಹಿಡಿದ ಗಳಿಗೆ ಚೆನ್ನಾಗಿದೆ. ಆದರೆ ನೆರಳಿರುವ ಕಡೆ ಬರೀ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳು. ಹೈಲೈಟ್, ಅಂದರೆ ಚಿತ್ರದ ಅತಿ ಪ್ರಕಾಶದ ಭಾಗ, ಬರೀ ಬಿಳಿಯಾಗಿ ಹಾರಿಹೋಗುತ್ತೆ ಅನ್ನೋ ಭಯಕ್ಕೆ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಿದ್ದೀರಿ, ಅಲ್ವಾ? ಹಾಗೆ ಮಾಡಬೇಡಿ. ಹೈಲೈಟ್ ಕೆಡದಷ್ಟರವರೆಗೆ ಸೆನ್ಸರಿಗೆ ಆದಷ್ಟು ಬೆಳಕು ಕೊಡಿ.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗ, ಆ ಒಳಮಂಟಪ, ನಿಮಗೆಲ್ಲ ಗೊತ್ತು. ಮಧ್ಯಾಹ್ನ ಜಾಲಂಧ್ರಗಳ (ತೂತು ಕೊರೆದ ಕಲ್ಲಿನ ಕಿಟಕಿಗಳ) ಆಚೆ ಉರಿಬಿಸಿಲು, ಒಳಗೆ ಕಪ್ಪಗೆ ಮಿನುಗುವ ಕಂಬಗಳು. ಜೊತೆಗೆ ಬಂದಿದ್ದ ಹುಡುಗಿಯೊಬ್ಬಳು ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ತೆಗೆದಳು. ಮೀಟರ್ ಕತ್ತಲೆಯನ್ನೇ ನೋಡಿತು, ಜಾಲಂಧ್ರ ಪೂರ್ತಿ ಬಿಳಿಯಾಯಿತು. ಗಾಬರಿಯಾಗಿ ಎಕ್ಸ್‌ಪೋಷರ್ ತುಂಬಾ ಇಳಿಸಿದಳು. ಜಾಲಂಧ್ರ ಬಂತು, ಆದರೆ ಕಂಬದ ಕಡಗಗಳೆಲ್ಲ ಮಸಿ. ಆಮೇಲೆ ಶಟರ್ ವೇಗವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ ಬಂದಳು, ಜಾಲಂಧ್ರದ ಕಲ್ಲಿನ ಅಂಚು ಕ್ಯಾಮೆರಾ ಪರದೆಯಲ್ಲಿ ಹೈಲೈಟ್ ಕೆಡುತ್ತಿದೆ ಅಂತ ಎಚ್ಚರಿಸುತ್ತಾ ಮಿಣುಕಲು ಶುರುವಾಗುವವರೆಗೂ, ಅಲ್ಲಿಗೆ ನಿಲ್ಲಿಸಿದಳು. ತೂತುಗಳ ಆಚೆಯ ಆಕಾಶ ಬಿಳಿಯಾಗಿತ್ತು. ಆಗಲಿ ಬಿಡಿ, ಆಕಾಶ ನೋಡೋಕೆ ಯಾರೂ ನವರಂಗಕ್ಕೆ ಹೋಗುವುದಿಲ್ಲ! ಉಳಿಯಬೇಕಾದ ಹೈಲೈಟ್ ಯಾವುದು ಅಂತ ಮೊದಲು ನೀವು ತೀರ್ಮಾನಿಸಬೇಕು. ಅದನ್ನು ಕ್ಯಾಮೆರಾ ಮಾಡುವುದಿಲ್ಲ.

2003ರಲ್ಲಿ ಛಾಯಾಗ್ರಾಹಕ ಮೈಕೆಲ್ ರೈಕ್‌ಮನ್ ಹಿಸ್ಟೋಗ್ರಾಂ ಅನ್ನು, ಅಂದರೆ ಕತ್ತಲೆ ಎಡಕ್ಕೆ ಬೆಳಕು ಬಲಕ್ಕೆ ತೋರಿಸುವ ನಕ್ಷೆಯನ್ನು, ಬಲಕ್ಕೆ ತಳ್ಳಿ ಅಂತ ಬರೆದರು. ಅವರು ಕೊಟ್ಟ ಕಾರಣ ಫೈಲಿನಲ್ಲಿ ದಾಖಲಾಗುವ ಪ್ರಕಾಶದ ಹಂತಗಳ ಲೆಕ್ಕ. ಈಗಿನ 14 ಬಿಟ್ ಫೈಲಿನಲ್ಲಿ 16,384 ಹಂತಗಳಿದ್ದರೆ, ಅತಿ ಪ್ರಕಾಶದ ಒಂದೇ ಸ್ಟಾಪ್ ಅದರಲ್ಲಿ ಅರ್ಧ ತಿನ್ನುತ್ತದೆ. ಲೆಕ್ಕ ಸರಿ. ಆದರೆ ನಿಜವಾದ ಕಾರಣ ಬೆಳಕಿನಲ್ಲೇ ಇದೆ. ಒಂದು ಪಿಕ್ಸೆಲ್ 10,000 ಫೋಟಾನ್ (ಬೆಳಕಿನ ಕಣ) ಹಿಡಿದರೆ ಏರುಪೇರು ಸುಮಾರು 100, ಅಂದರೆ ಶೇ. 1. ಬರೀ 100 ಹಿಡಿದರೆ ಏರುಪೇರು 10, ಅಂದರೆ ಶೇ. 10. ಆ ಏರುಪೇರೇ ನಾಯ್ಸ್ ಆಗಿ ಕಾಣುವುದು. ಐಎಸ್‌ಒ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಸೆಟ್ಟಿಂಗ್) ಕಡಿಮೆ ಇದ್ದರೂ ಬೆಳಕು ಸಾಲದಿದ್ದರೆ ನಾಯ್ಸ್ ಬಂದೇ ಬರುತ್ತದೆ. ಅದಕ್ಕೇ ಮತ್ತೆಮತ್ತೆ ಹೇಳುತ್ತಿದ್ದೇನೆ, ಬೆಳಕು ಕೊಡಿ.

ಹಾಗಂತ ಪರದೆಯ ಹಿಸ್ಟೋಗ್ರಾಂ ಅನ್ನು ಕಣ್ಣುಮುಚ್ಚಿ ನಂಬಬೇಡಿ. ನೀವು ರಾ, ಅಂದರೆ ಸೆನ್ಸರಿನ ಹಸಿ ಫೈಲ್, ತೆಗೆಯುತ್ತಿದ್ದರೂ ಸಾಮಾನ್ಯವಾಗಿ ಅದು ತೋರಿಸುವುದು ಕ್ಯಾಮೆರಾ ಅದರಿಂದ ಸಿದ್ಧಪಡಿಸಿದ ಜೆಪೆಗ್ ಚಿತ್ರದ ಲೆಕ್ಕ. ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ಜಾಗ ಇರುತ್ತದೆ. ಎಷ್ಟು ಅಂತ ನಿಮ್ಮ ಕ್ಯಾಮೆರಾದಲ್ಲೇ ಪರೀಕ್ಷೆ ಮಾಡಿ ನೋಡಬೇಕು. ಯಕ್ಷಗಾನಕ್ಕೆ ಹೋದಾಗ ಮಾತ್ರ ಎಚ್ಚರ. ರಂಗಸ್ಥಳದ ಹಳದಿ ದೀಪದಡಿ ವೇಷದ ಕೆಂಪು ಬಟ್ಟೆ ಇದ್ದರೆ, ಒಟ್ಟು ಪ್ರಕಾಶ ತೋರಿಸುವ ಬಿಳಿ ಹಿಸ್ಟೋಗ್ರಾಂ ಸರಿಯಾಗಿಯೇ ಕಂಡರೂ ಕೆಂಪು ಚಾನೆಲ್ ತುಂಬಿ ನೆರಿಗೆಗಳೆಲ್ಲ ಮಾಯವಾಗಿರುತ್ತವೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಆನ್ ಮಾಡಿಕೊಳ್ಳಿ.

ಐದೇ ನಿಮಿಷ ಅಂತ ಸನ್ನೆ ಮಾಡುತ್ತಿದ್ದಾರೆ. ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯುವುದರ ಬಗ್ಗೆ ಒಂದೇ ಮಾತು: ದೃಶ್ಯದ ಬೆಳಕು-ಕತ್ತಲೆಯ ವ್ಯಾಪ್ತಿ ಸೆನ್ಸರ್ ಹಿಡಿಯುವುದಕ್ಕಿಂತ ಜಾಸ್ತಿ ಇದ್ದು, ಎದುರಿಗೆ ಯಾವುದೂ ಅಲುಗಾಡದಿದ್ದರೆ ಮಾತ್ರ ಮೂರು ಎಕ್ಸ್‌ಪೋಷರ್ ತೆಗೆದು ಸೇರಿಸಿ. ಕುಣಿಯುವ ವೇಷಕ್ಕೆ ಅದು ಆಗುವುದಿಲ್ಲ. ಉಳಿದದ್ದನ್ನು ಪ್ರಶ್ನೆಗಳಲ್ಲಿ ಮಾತಾಡೋಣ, ಕ್ಯಾಮೆರಾ ತಂದವರು ಮುಂದೆ ಬನ್ನಿ, ಮೊದಲು ಆ ಮಿಣುಕುವ ಎಚ್ಚರಿಕೆ ಎಲ್ಲಿದೆ ಅಂತ ಮೆನುವಿನಲ್ಲಿ ಹುಡುಕೋಣ.