ಕೊಡೆ ಹಿಡಿದವನ ಕೈಯಲ್ಲಿ ಪುಸ್ತಕ ನಿಲ್ಲುವುದಿಲ್ಲ

ನಮಸ್ಕಾರ. ಶಿರಸಿಯಲ್ಲಿ ಮಳೆ ಹಿಡಿದಿದೆ. ಹಿಂದೆ ಹಂಚಿನ ಮೇಲೆ ಬೀಳುವ ಸದ್ದು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ನಿಲ್ಲಿಸುವುದು ನನ್ನ ಕೈಲಿಲ್ಲ.

ಜೂನ್ ಬಂತೆಂದರೆ ನನಗೆ ಎಂಟನೇ ಕ್ಲಾಸು ನೆನಪಾಗುತ್ತದೆ. ಏಳರವರೆಗೆ ಊರಿನ ಶಾಲೆ. ಎಂಟಕ್ಕೆ ಹೈಸ್ಕೂಲು, ಬಸ್ಸು, ವಿಷಯಕ್ಕೊಬ್ಬರು ಮಾಸ್ತರು, ಅಕ್ಕೋರು. ಜೊತೆಗೆ 'ಇನ್ನೇನು ಎಸ್ಸೆಸ್ಸೆಲ್ಸಿ ಬಂದೇಬಿಡ್ತು' ಎಂದು ಹೆದರಿಸುವ ಊರವರು. ನಮ್ಮ ಜಿಲ್ಲೆಯೊಳಗೇ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಇವೆಯಲ್ವಾ? ರಿಸಲ್ಟ್ ಬಂದ ವಾರ ಯಾರು ಮುಂದೆ ಎನ್ನುವುದು ಊಟದ ಪಂಕ್ತಿಯಲ್ಲೂ ಚರ್ಚೆ.

ನಾನೂ ಹೆದರಿದೆ. ಡ್ರಾಯಿಂಗ್ ಶೀಟ್ ತಂದು, ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಐದಕ್ಕೆ ಗಣಿತ, ರಾತ್ರಿ ಎಂಟಕ್ಕೆ ಸಮಾಜ. ಮೂರನೇ ದಿನ ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಅದು ಬರುವಷ್ಟರಲ್ಲಿ ನೆಂಟರು ಬಂದರು. ಮುಂದೆ ಅಡಿಕೆ ಕೊಯ್ಲು ಶುರುವಾದ ಮೇಲಂತೂ ಕೇಳಲೇಬೇಡಿ. ರಾತ್ರಿ ಮನೆ ತುಂಬ ಸುಲಿಯುವವರು, ಮೆಟ್ಟುಗತ್ತಿಯ ಸದ್ದು, ಊರಿನ ಅಷ್ಟೂ ಸುದ್ದಿ. ಅದರ ಮಧ್ಯೆ ಕೂತು ಸಮಾಜ ಓದುವ ಹುಡುಗ ಇನ್ನೂ ಹುಟ್ಟಿಲ್ಲ.

ಚಾರ್ಟು ಗಡಿಯಾರವನ್ನು ನಂಬಿತ್ತು. ನಮ್ಮ ಮನೆ ಗಡಿಯಾರ ನೋಡಿ ನಡೆಯುತ್ತಿರಲಿಲ್ಲ.

ಆದರೆ ಒಂದು ಮಾತ್ರ ದಿನಾ ತಪ್ಪದೆ ನಡೆಯುತ್ತಿತ್ತು. ಬಸ್ಸಿಳಿದು ಮನೆಗೆ ಒಂದೂವರೆ ಕಿಲೋಮೀಟರ್ ನಡಿಗೆ. ಬಸ್ಸು ಎಷ್ಟೇ ತಡವಾಗಲಿ, ನಡೆಯಲೇಬೇಕು. ಒಂದು ಕೈಲಿ ಕೊಡೆ, ಇನ್ನೊಂದು ಕೈ ಕಾಲಿಗೆ ಹತ್ತಿದ ಉಂಬಳ ಕೀಳುವುದಕ್ಕೆ. ಪುಸ್ತಕ ತೆಗೆಯುವ ಮಾತೇ ಇಲ್ಲ. ಹಾಗಾಗಿ ನಾನು ಮತ್ತು ಪಕ್ಕದ ಮನೆಯ ಹುಡುಗ ಬಾಯಲ್ಲೇ ಶುರು ಮಾಡಿದೆವು. ಇವತ್ತು ವಿಜ್ಞಾನದಲ್ಲಿ ಏನು ಹೇಳಿದರು? ಅವನು ಅರ್ಧ ಹೇಳುತ್ತಿದ್ದ, ನಾನು ತಪ್ಪು ಹಿಡಿಯುತ್ತಿದ್ದೆ. ಇಬ್ಬರಿಗೂ ಬರದಿದ್ದದ್ದನ್ನು ಮನೆಗೆ ಹೋಗಿ ಪುಸ್ತಕದಲ್ಲಿ ನೋಡುವುದು. ಅಷ್ಟೇ ನಮ್ಮ ಓದು.

ಆಗ ಅದನ್ನು ಓದು ಅಂತ ಯಾರೂ ಒಪ್ಪುತ್ತಿರಲಿಲ್ಲ ಬಿಡಿ. ಗಟ್ಟಿಯಾಗಿ ಓದುವ ದನಿ ಅಡುಗೆ ಮನೆಗೆ ಕೇಳಬೇಕು, ಅದೇ ಓದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು, ಓದಿ ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತು, ನೆನಪಿನಿಂದ ಬರೆದವರು ಮುಂದೆ ಹೋದರು. ಮೋಸ ಇರುವುದೇ ಆ ಐದು ನಿಮಿಷದಲ್ಲಿ. ಓದಿದ ಕೂಡಲೇ ಎಲ್ಲ ಬಂದಂತೆ ಅನಿಸುತ್ತದೆ. ಪರೀಕ್ಷೆ ಇರುವುದು ಮಾರ್ಚಿನಲ್ಲಿ.

ರೂಢಿಯ ಬಗ್ಗೆ ಇನ್ನೊಂದು ಮಾತು. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ಎಲ್ಲರೂ ಸುಮ್ನೆ ಹೇಳುತ್ತಾರೆ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದರು. ದಿನಾ ನಡೆಯುವ ಯಾವುದೋ ಒಂದು ಕೆಲಸದ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟಿಕೊಂಡವರು ಅವರು. ತಿಂಡಿ ಆದ ಮೇಲೆ ಇಂಥದ್ದು, ಹೀಗೆ. ಮಧ್ಯದ ಲೆಕ್ಕ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಜೂನ್ ಒಂದಕ್ಕೆ ಶುರು ಮಾಡಿದರೆ ಆಗಸ್ಟ್ ಮೊದಲ ವಾರ. ಚೌತಿ ಹಬ್ಬದ ಹೊತ್ತಿಗೂ ಮಗು ತಡವರಿಸುತ್ತಿದ್ದರೆ ಬೈಯಬೇಡಿ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಅಪ್ಪ-ಅಮ್ಮಂದಿರ ಜೊತೆ ಜಗಳಕ್ಕೆ ತಯಾರು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ಮುಂದಕ್ಕೆ ಹೋಗುತ್ತದೆ, ಅದು ಬರೀ ಸೋಮಾರಿತನ ಅಲ್ಲ. ಹನ್ನೊಂದರವರೆಗೆ ಮೊಬೈಲ್ ಕೈಲಿಟ್ಟು, ಐದಕ್ಕೆ ಎಬ್ಬಿಸಿ ಕೂರಿಸಿದರೆ ಪುಸ್ತಕದ ಮೇಲೆ ತಲೆ ಬೀಳುತ್ತದೆ, ಅಷ್ಟೇ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದ ರಾತ್ರಿಗಳಲ್ಲಿ ನಮ್ಮ ಕಡೆ ಮಕ್ಕಳು ಸರಿಯಾಗಿ ನಿದ್ದೆ ಮಾಡುತ್ತಾರೆ. ಹೆಸ್ಕಾಂಗೆ ಥ್ಯಾಂಕ್ಸ್ ಹೇಳಬೇಕೋ ಏನೋ.

ಅಕ್ಕನ ಮಗಳು ಈ ವರ್ಷ ಎಂಟನೇ ಕ್ಲಾಸು. ಪೇಟೆಯಲ್ಲೇ ಮನೆ, ವ್ಯಾನು ಗೇಟಿಗೇ ಬರುತ್ತದೆ. ನಡೆಯುವ ದಾರಿಯೇ ಇಲ್ಲ. ಅವಳ ದಿನದಲ್ಲಿ ಎಂದೂ ತಪ್ಪದ್ದು ಏನು ಅಂತ ಇಬ್ಬರೂ ಕೂತು ಹುಡುಕಿದೆವು. ಶಾಲೆಯಿಂದ ಬಂದು ತನ್ನ ಊಟದ ಡಬ್ಬಿ ತಾನೇ ತೊಳೆಯುವುದು, ಅದೊಂದೇ ಸಿಕ್ಕಿತು. ಈಗ ಡಬ್ಬಿ ತಿಕ್ಕುತ್ತಾ ಅವತ್ತಿನ ಪಾಠವನ್ನೆಲ್ಲ ಬಚ್ಚಲ ಗೋಡೆಗೆ ಹೇಳುತ್ತಾಳೆ. ಒಂದು ಡಬ್ಬಿಗೆ ಹದಿನೈದು ನಿಮಿಷ. ನೀರು ಸುಮ್ನೆ ಹರಿದು ಹೋಗುತ್ತದೆ ಅಂತ ಅಕ್ಕ ನನಗೆ ಫೋನ್ ಮಾಡಿ ಬೈಯುತ್ತಿದ್ದಾಳೆ.