ಸ್ಕಾರ್ಬರೊದ ಮೀನು ಯಾರದು?

2025ರ ಆಗಸ್ಟ್ 11ರಂದು ದಕ್ಷಿಣ ಚೀನಾ ಸಮುದ್ರದ ಸ್ಕಾರ್ಬರೊ ಹವಳದಿಬ್ಬದ ಬಳಿ, ಫಿಲಿಪ್ಪೀನ್ಸಿನ ಕರಾವಳಿ ಕಾವಲು ಪಡೆಯ ಹಡಗನ್ನು ಬೆನ್ನಟ್ಟುತ್ತಿದ್ದ ಚೀನಾದ ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಒಂದು ನೌಕಾಪಡೆಯದು, ಇನ್ನೊಂದು ಕಾವಲು ಪಡೆಯದು. ಕಾವಲು ಹಡಗಿನ ಮುಂಭಾಗ ನಜ್ಜುಗುಜ್ಜಾದ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆದರೆ ಫಿಲಿಪ್ಪೀನ್ಸಿನ ಹಡಗು ಅಲ್ಲಿಗೆ ಹೋದದ್ದೇಕೆ? ಮೀನು ಹಿಡಿಯುತ್ತಿದ್ದ ತನ್ನ ದೇಶದ ದೋಣಿಗಳಿಗೆ ಇಂಧನವನ್ನೂ ಸಾಮಗ್ರಿಯನ್ನೂ ತಲುಪಿಸುವುದಕ್ಕೆ. ಡಿಕ್ಕಿಯ ಸದ್ದಿನಲ್ಲಿ ಅಡಗಿಹೋದ ಈ ಸಂಗತಿಯನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸ್ಕಾರ್ಬರೊ ಊರೂ ಅಲ್ಲ, ಜನ ನೆಲೆಸಬಲ್ಲ ದ್ವೀಪವೂ ಅಲ್ಲ. ಭರತದ ವೇಳೆ ಕೆಲವೇ ಬಂಡೆಗಳು ನೀರಿನ ಮೇಲೆ ತಲೆಯೆತ್ತಿರುತ್ತವೆ. ಹವಳದ ಅಂಚು ಸುತ್ತುವರಿದ ಒಳನೀರಿನಲ್ಲಿ ಮೀನು ಹೇರಳ, ಬಿರುಗಾಳಿ ಎದ್ದಾಗ ಸಣ್ಣ ದೋಣಿಗಳಿಗೆ ಆಸರೆಯೂ ಅದೇ. ಫಿಲಿಪ್ಪೀನ್ಸಿನ ಲುಜಾನ್ ದ್ವೀಪದಿಂದ ಇದು ಸುಮಾರು 120 ನಾಟಿಕಲ್ ಮೈಲಿ, ಅಂದರೆ ಸುಮಾರು 220 ಕಿಲೋಮೀಟರ್ ದೂರದಲ್ಲಿದೆ. 2012ರಲ್ಲಿ ಎರಡು ದೇಶಗಳ ಹಡಗುಗಳು ಇಲ್ಲಿ ವಾರಗಟ್ಟಲೆ ಮುಖಾಮುಖಿ ನಿಂತವು. ಅಂದಿನಿಂದ ಹಿಡಿತ ಚೀನಾದ ಕೈಯಲ್ಲಿದೆ.

2016ರ ಜುಲೈ 12ರಂದು ಹೇಗ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪು ಬಂತು. ಈ ಸಮುದ್ರದ ಬಹುಭಾಗವನ್ನು ತನ್ನದೆಂದು ತೋರಿಸಲು ಚೀನಾ ನಕಾಶೆಯಲ್ಲಿ ಎಳೆದಿರುವ ಒಂಬತ್ತು ಗೀಟುಗಳ ರೇಖೆಯೊಳಗಿನ ಸಂಪತ್ತಿನ ಮೇಲೆ ಅದಕ್ಕೆ ಐತಿಹಾಸಿಕ ಹಕ್ಕಿದೆ ಎನ್ನುವುದಕ್ಕೆ ಕಾನೂನಿನ ಆಧಾರವಿಲ್ಲ ಎಂಬ ಭಾಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಷ್ಟೇ ಮಹತ್ವದ ಇನ್ನೊಂದು ಭಾಗವಿದೆ. ಸ್ಕಾರ್ಬರೊ ಯಾರಿಗೆ ಸೇರಿದ್ದೆಂಬ ಪ್ರಶ್ನೆಯನ್ನು ಮುಟ್ಟದೆಯೇ, ಫಿಲಿಪ್ಪೀನ್ಸಿನ ಮೀನುಗಾರರಿಗೂ ಚೀನಾದ ಮೀನುಗಾರರಿಗೂ ಅಲ್ಲಿ ಸಾಂಪ್ರದಾಯಿಕ ಮೀನುಗಾರಿಕೆಯ ಹಕ್ಕಿದೆ, ಫಿಲಿಪ್ಪೀನ್ಸಿನವರನ್ನು ತಡೆದದ್ದು ಅಕ್ರಮ ಎಂದು ಮಂಡಳಿ ಹೇಳಿತು. ಒಡೆತನ ಬೇರೆ, ತಲೆಮಾರುಗಳಿಂದ ಬಂದ ಜೀವನೋಪಾಯ ಬೇರೆ. ಈ ಬೇರ್ಪಡಿಕೆಯೇ ಇಡೀ ತೀರ್ಪಿನ ಅತ್ಯಂತ ಮಾನವೀಯ ಅಂಶವೆಂದು ನನ್ನ ನಂಬಿಕೆ. ಚೀನಾ ಆ ತೀರ್ಪನ್ನು ಒಪ್ಪಲಿಲ್ಲ; ಅದರಲ್ಲಿ ತನ್ನ ಮೀನುಗಾರರ ಹಕ್ಕನ್ನೂ ಎತ್ತಿಹಿಡಿಯಲಾಗಿದೆ ಎಂಬುದು ಹೀಗಾಗಿ ಯಾರಿಗೂ ನೆನಪಿಲ್ಲದಂತಾಗಿದೆ.

ಪಾಲು ಕೊಟ್ಟರೆ ಒಡೆತನವನ್ನೇ ಬಿಟ್ಟುಕೊಟ್ಟಂತಾಗುತ್ತದೆ ಎಂಬ ಭಯ ಎರಡೂ ಕಡೆ ಇದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇದೇ ಚೀನಾ ಟಾಂಕಿನ್ ಕೊಲ್ಲಿಯಲ್ಲಿ ವಿಯೆಟ್ನಾಮಿನೊಡನೆ 2000ರಲ್ಲಿ ಗಡಿ ಒಪ್ಪಂದ ಮಾಡಿಕೊಂಡು, ಜೊತೆಗೇ ಎರಡೂ ದೇಶಗಳ ದೋಣಿಗಳಿಗೆ ಜಂಟಿ ಮೀನುಗಾರಿಕೆ ವಲಯವನ್ನು ಗುರುತಿಸಿತ್ತು; ಆ ವ್ಯವಸ್ಥೆ 2004ರಿಂದ 2020ರವರೆಗೆ ನಡೆಯಿತು. ಇದೇ ದಕ್ಷಿಣ ಚೀನಾ ಸಮುದ್ರದ ಪ್ಯಾರಾಸೆಲ್ ದ್ವೀಪಗಳಿಗಾಗಿ 1974ರಲ್ಲಿ, ಜಾನ್ಸನ್ ಸೌತ್ ದಿಬ್ಬಕ್ಕಾಗಿ 1988ರಲ್ಲಿ ರಕ್ತ ಹರಿಸಿಕೊಂಡ ನೆರೆಯವರಿಗೆ ಅದು ಸಾಧ್ಯವಾಗಿದ್ದರೆ ಸ್ಕಾರ್ಬರೊದಲ್ಲಿ ಅಸಾಧ್ಯವೆಂದು ನಾನು ಒಪ್ಪಲಾರೆ.

ತಡವಾದಷ್ಟೂ ಹಂಚಿಕೊಳ್ಳುವುದಕ್ಕೆ ಉಳಿಯುವುದು ಕಡಿಮೆ. ದೈತ್ಯ ಚಿಪ್ಪುಗಳಿಗಾಗಿ ಚೀನಾದ ದೋಣಿಗಳು ಹವಳವನ್ನು ಕೊರೆದು ಹಾಳುಮಾಡಿದ್ದನ್ನು ನ್ಯಾಯಮಂಡಳಿಯೇ ದಾಖಲಿಸಿದೆ. 2025ರ ಸೆಪ್ಟೆಂಬರಿನಲ್ಲಿ ಚೀನಾ ಅದೇ ದಿಬ್ಬದಲ್ಲಿ ನಿಸರ್ಗಧಾಮವನ್ನು ಘೋಷಿಸಿತು. ಹವಳಕ್ಕೆ ರಕ್ಷಣೆ ಬೇಕೇ ಬೇಕು. ಆದರೆ ಒಬ್ಬರು ಗಸ್ತು ತಿರುಗಿ ಇನ್ನೊಬ್ಬರನ್ನು ಜಲಫಿರಂಗಿಯಿಂದ ಓಡಿಸುವಲ್ಲಿ ಮೀನಿನ ಸಂತತಿಯನ್ನು ಲೆಕ್ಕಹಾಕುವವರು ಯಾರು, ಹಿಡಿಯುವ ಮಿತಿಯನ್ನು ನಿಗದಿಪಡಿಸುವವರು ಯಾರು?

ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳೂ ಚೀನಾವೂ, ಈ ಸಮುದ್ರದಲ್ಲಿ ಸಂಯಮದಿಂದ ನಡೆದುಕೊಳ್ಳುವ 2002ರ ಘೋಷಣೆಯ ನಂತರ, ನೀತಿಸಂಹಿತೆಯೊಂದಕ್ಕಾಗಿ ವರ್ಷಗಟ್ಟಲೆ ಮಾತುಕತೆ ನಡೆಸಿವೆ. ಅದರಲ್ಲಿ ಸಾರ್ವಭೌಮತ್ವದ ವಾಕ್ಯಗಳನ್ನು ತಿದ್ದುವ ಮೊದಲು ಇಷ್ಟನ್ನು ಬರೆಯಲಿ: ಮೀನುಗಾರಿಕೆಯ ದೋಣಿಯ ಮೇಲೆ ಯಾರೂ ಜಲಫಿರಂಗಿ ಹಾರಿಸಕೂಡದು, ಚಂಡಮಾರುತದ ಮುನ್ಸೂಚನೆ ಬಂದ ದಿನ ಯಾವ ದೇಶದ ದೋಣಿಯಾದರೂ ಆ ಹವಳದ ಒಳನೀರಿಗೆ ಬಂದು ಲಂಗರು ಹಾಕಬಹುದು.