ಬೀರುವಿಗೆ ಎಷ್ಟು ಬಟ್ಟೆ ಸಾಕು?

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮಗೆ ಒಪ್ಪುವ ಉಡುಪು ಯಾವುದು ಎಂದು ತಿಳಿಯಬೇಕಾದರೆ ಬೀರುವಿನ ಬಾಗಿಲು ತೆರೆಯಬೇಡಿ. ಹಿತ್ತಲಿಗೋ ತಾರಸಿಗೋ ಹೋಗಿ ಬಟ್ಟೆ ಒಣಹಾಕುವ ತಂತಿಯನ್ನು ನೋಡಿ. ಒಂದು ತಿಂಗಳ ಕಾಲ ಆ ತಂತಿಯ ಮೇಲೆ ಏನೇನು ಬರುತ್ತದೆಯೋ ಅಷ್ಟೇ ನೀವು ನಿಜವಾಗಿ ಉಡುವ ಬಟ್ಟೆ. ಬೀರುವಿನೊಳಗೆ ಉಳಿದಿರುವುದರಲ್ಲಿ ಕೆಲವು ಮುಂದೆ ಎಂದಾದರೂ ಉಡೋಣವೆಂದು ಎತ್ತಿಟ್ಟವು, ಕೆಲವು ಮೈ ತೆಳ್ಳಗಿದ್ದಾಗ ತೊಟ್ಟವು, ಕೆಲವು ಯಾರೋ ಕೊಟ್ಟವು, ಇನ್ನು ಕೆಲವು ಶ್ರಾವಣದ ರಿಯಾಯಿತಿಯಲ್ಲಿ ಕೈಗೆ ಸಿಕ್ಕವು.

ತಂತಿಯ ಮೇಲೆ ಬರುವಷ್ಟನ್ನೇ, ಇಲ್ಲವೇ ಅದಕ್ಕಿಂತ ತುಸು ಹೆಚ್ಚನ್ನು, ಒಂದಕ್ಕೊಂದು ಹೊಂದುವ ಹಾಗೆ ಆರಿಸಿ ಇಟ್ಟುಕೊಳ್ಳುವುದಕ್ಕೆ ಫ್ಯಾಷನ್ ಲೋಕದವರು ಕ್ಯಾಪ್ಸೂಲ್ ವಾರ್ಡ್‌ರೋಬ್ ಎನ್ನುತ್ತಾರೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಉಡುಪಿನ ಅಂಗಡಿ ನಡೆಸುತ್ತಿದ್ದ ಸೂಸಿ ಫೋ ಎಂಬಾಕೆ ಈ ಮಾತನ್ನು ಜನಪ್ರಿಯಗೊಳಿಸಿದರು. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೋನಾ ಕರನ್, ಕಚೇರಿಗೆ ಹೋಗುವ ಹೆಂಗಸರಿಗಾಗಿ ಒಂದರ ಜೊತೆ ಇನ್ನೊಂದನ್ನು ಕೂಡಿಸಿ ತೊಡಬಹುದಾದ ಏಳು ಉಡುಪುಗಳನ್ನು ಹೊರತಂದರು. ಅಲ್ಲಿಂದ ಮುಂದೆ ಈ ವಿಚಾರ ಪಟ್ಟಿಗಳ ರೂಪ ತಾಳಿ ಊರೂರು ಸುತ್ತಿತು. ಒಂದು ಬಿಳಿ ಅಂಗಿ, ಒಂದು ಕಪ್ಪು ಪ್ಯಾಂಟು, ಮರಳಿನ ಬಣ್ಣದ ಉದ್ದ ಕೋಟು, ಉಣ್ಣೆಯ ಸ್ವೆಟರು.

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಸ್ ನಿಲ್ದಾಣದಲ್ಲಿ ಉದ್ದ ಕೋಟು ತೊಟ್ಟು ನಿಂತವರನ್ನು ನೀವು ಕಲ್ಪಿಸಿಕೊಳ್ಳಿ, ನಾನು ಮುಂದೆ ಹೋಗುತ್ತೇನೆ. ಆ ಪಟ್ಟಿಗಳು ಹುಟ್ಟಿದ್ದು ಚಳಿಯ ನಾಡಿನಲ್ಲಿ. ಅಲ್ಲಿ ಒಂದರ ಮೇಲೊಂದು ಬಟ್ಟೆ ಹೊದೆಯುತ್ತಾರೆ. ಪದರಗಳನ್ನು ಬದಲಿಸಿದರೆ ನೋಟವೂ ಬದಲಾಗುತ್ತದೆ. ನಮ್ಮ ಸೆಖೆಯಲ್ಲಿ ಪದರಗಳ ಆಟ ನಡೆಯುವುದಿಲ್ಲ. ಹಾಗಾದರೆ ನಮ್ಮಲ್ಲಿ ನೋಟವನ್ನು ಬದಲಿಸುವುದು ಯಾವುದು? ಸೀರೆ ಉಡುವವರಿಗೆ ರವಿಕೆ, ಸಲ್ವಾರ್ ತೊಡುವವರಿಗೆ ದುಪಟ್ಟಾ. ಈ ಎರಡು ಸಣ್ಣ ತುಂಡುಗಳನ್ನು ಸರಿಯಾಗಿ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಕೂಡಿ ಬರುತ್ತದೆ ಎಂಬುದು ನನ್ನ ಎಣಿಕೆ.

ರವಿಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗ ಬರುವ ಬಹುಪಾಲು ಸೀರೆಗಳ ತುದಿಯಲ್ಲಿ ರವಿಕೆಯ ಬಟ್ಟೆಯೂ ಸೇರಿಕೊಂಡೇ ಬರುತ್ತದೆ. ನಾವು ಅದನ್ನು ಕತ್ತರಿಸಿ ಹೊಲಿಸುತ್ತೇವೆ. ಆ ರವಿಕೆ ಆ ಒಂದು ಸೀರೆಗೆ ಮಾತ್ರ ಸರಿಹೊಂದುತ್ತದೆ. ಹತ್ತು ಸೀರೆಗೆ ಹತ್ತು ರವಿಕೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮೈ ತುಸು ತುಂಬುತ್ತದೆ, ತೋಳು ಬಿಗಿಯುತ್ತದೆ. ಸೀರೆಗೆ ಏನೂ ಆಗಿರುವುದಿಲ್ಲ, ಅಂಚು ಹೊಸದರಂತೆಯೇ ಇರುತ್ತದೆ, ಆದರೂ ಅದು ಬೀರುವಿನಿಂದ ಹೊರಗೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಮೂಲೆ ಸೇರಿದ ಸೀರೆಗಳ ಕಥೆ ಹೆಚ್ಚಾಗಿ ರವಿಕೆಯ ಕಥೆಯೇ.

ಆದ್ದರಿಂದ ಮುಂದಿನ ಸೀರೆಗೆಂದು ಎತ್ತಿಟ್ಟ ಹಣವನ್ನು ನಾಲ್ಕು ಒಳ್ಳೆಯ ರವಿಕೆಗಳಿಗೆ ಖರ್ಚು ಮಾಡಿ ನೋಡಿ. ಹೊಲಿಯುವವರ ಬಳಿ ಎರಡು ಮಾತು ಖಂಡಿತವಾಗಿ ಹೇಳಿ. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಧಾರಾಳವಾಗಿ ಬಿಡಬೇಕು, ಆಗ ಮುಂದೆ ಒಂದು ಸಾಲು ಹೊಲಿಗೆ ಬಿಚ್ಚಿದರೆ ರವಿಕೆ ಸಡಿಲವಾಗುತ್ತದೆ. ಇನ್ನು, ಅಸ್ತರಿನ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿರಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಸ್ತರು ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಗಟ್ಟಿ ಜೋಲು ಬೀಳುತ್ತದೆ. ಹಬ್ಬದ ವಾರದಲ್ಲಿ ಈ ಮಾತು ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಬಿಡುವಿನ ದಿನಗಳಲ್ಲಿ ಹೋಗಿ.

ಈ ಲೆಕ್ಕವನ್ನು ನಮ್ಮ ನೇಕಾರರು ಎಂದೋ ಹಾಕಿದ್ದಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ನೋಡಿ. ಒಡಲು ಹತ್ತಿಯದು, ಅದಕ್ಕೆ ಯಾವ ಬಣ್ಣವಾದರೂ ಇರಬಹುದು. ಸೆರಗು ಮಾತ್ರ ಪರಂಪರೆಯಂತೆ ಕೆಂಪು ರೇಷ್ಮೆಯದು, ಅದರ ಮೇಲೆ ಬಿಳಿಯ ವಿನ್ಯಾಸ. ಒಡಲಿನ ಹಾಸನ್ನೂ, ಅಂದರೆ ಉದ್ದುದ್ದ ಎಳೆಗಳನ್ನೂ, ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ ನೇಯುವ ಈ ವಿಧಾನವನ್ನು ಅಲ್ಲಿಯವರು ತೋಪು ತೆನಿ ಎನ್ನುತ್ತಾರೆ. ಕರಿಯ ಒಡಲಿರಲಿ, ದಾಳಿಂಬೆ ಬಣ್ಣದ ಒಡಲಿರಲಿ, ಗಿಳಿಹಸಿರಿರಲಿ, ಹೆಗಲ ಮೇಲೆ ಬರುವುದು ಅದೇ ಕೆಂಪು. ಅಂದರೆ ಒಂದೇ ಕೆಂಪು ರವಿಕೆ ಎಲ್ಲಕ್ಕೂ ನಡೆಯುತ್ತದೆ. ಅದೇ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣ, ಸಣ್ಣ ಸಣ್ಣ ಹೂಗಳ, ಎರಡು ಬದಿಗೂ ಅಂಚಿರುವ ರವಿಕೆಯ ಬಟ್ಟೆ. ಯಾವ ಸೀರೆಗೂ ಬಣ್ಣ ಹೊಂದಿಸಲು ಹೋಗದೆ ತನ್ನ ಪಾಡಿಗೆ ತಾನು ಚೆಂದ ಕಾಣುತ್ತದೆ, ಅದಕ್ಕಾಗಿಯೇ ಎಲ್ಲದರ ಜೊತೆಗೂ ಹೋಗುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಇಳಕಲ್ ಸೀರೆಗೆ ಖಣದ ಕುಪ್ಪಸ ತೊಟ್ಟು ಹೊಲ, ಜಾತ್ರೆ, ಮದುವೆ ಎಲ್ಲವನ್ನೂ ನಡೆಸಿದ್ದಾರೆ.

ಈಗ ಹುಬ್ಬಳ್ಳಿಯ ಪ್ರೌಢಶಾಲೆಯ ಒಬ್ಬ ಶಿಕ್ಷಕಿಯ ಬೀರುವನ್ನು ನಾವೇ ಕುಳಿತು ಕಟ್ಟೋಣ. ವಾರದಲ್ಲಿ ಆರು ದಿನ ಶಾಲೆ. ಅದರಲ್ಲಿ ನಾಲ್ಕು ದಿನ ಸೀರೆ, ಎರಡು ದಿನ ಕುರ್ತಾ ಎಂದುಕೊಳ್ಳಿ. ಸೀಮೆಸುಣ್ಣದ ಪುಡಿ ಬೀಳುವ, ದಿನವಿಡೀ ನಿಂತೇ ಇರುವ ಕೆಲಸ. ಅವರಿಗೆ ಆರು ಹತ್ತಿಯ ಸೀರೆಗಳು ಸಾಕು: ಮೂರು ಇಳಕಲ್, ಎರಡು ಬೇರೆ ಯಾವುದಾದರೂ ಕೈಮಗ್ಗದ್ದು, ಒಂದು ಉಡುಪಿ ಸೀರೆ. ಉಡುಪಿ ಸೀರೆ ಎಂದರೆ ಕರಾವಳಿಯ ಸೆಖೆಗೆ ಹೇಳಿ ಮಾಡಿಸಿದ ಹಗುರವಾದ ಹತ್ತಿ ಸೀರೆ. ನೇಯುವವರು ಬೆರಳೆಣಿಕೆಯಷ್ಟಾಗಿದ್ದ ಕಾಲದಿಂದ ಮತ್ತೆ ಚೇತರಿಸಿಕೊಂಡಿದೆ, 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ, ಅಂದರೆ ಇದು ಆ ಊರಿನದೇ ಎಂಬ ಗುರುತಿನ, ಮಾನ್ಯತೆಯೂ ದೊರೆಯಿತು. ಈ ಆರಕ್ಕೆ ರವಿಕೆ ನಾಲ್ಕು: ಕೆಂಪು, ಕಪ್ಪು, ಕೆನೆಬಣ್ಣ ಮತ್ತು ಒಂದು ಖಣ. ಒಂದೊಂದು ಸೀರೆಗೆ ಮೂರು ರವಿಕೆ ಹೊಂದಿದರೂ ಹದಿನೆಂಟು ಜೋಡಿಗಳಾದವು. ಒಳಲಂಗ ಮೂರು ಬಣ್ಣದಲ್ಲಿದ್ದರೆ ಆಯಿತು. ಕುರ್ತಾ ಮೂರು, ಪ್ಯಾಂಟು ಎರಡು, ದುಪಟ್ಟಾ ಎರಡು.

ಕುರ್ತಾದ ಬಟ್ಟೆಗೆ ನಾನು ಸಹಜ ಬಣ್ಣದ ಕೈಮಗ್ಗವನ್ನು ಶಿಫಾರಸು ಮಾಡುತ್ತೇನೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಚರಕ ಎಂಬ ಹೆಂಗಸರ ಸಹಕಾರ ಸಂಘವಿದೆ. ಅವರು ಬಳಸುವ ಬಣ್ಣಗಳಲ್ಲಿ ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಕಂದುಗೆಂಪೂ ಒಂದು. ಗಿಡಮರಗಳಿಂದ ತೆಗೆದ ಬಣ್ಣಗಳಿಗೆ ಒಂದು ಗುಣವಿದೆ. ಅವು ಒಂದರ ಪಕ್ಕದಲ್ಲಿ ಇನ್ನೊಂದು ಇದ್ದರೆ ಜಗಳವಾಡುವುದಿಲ್ಲ. ಬಣ್ಣ ಹೊಂದಿಸುವುದು ತಮಗೆ ಬರುವುದಿಲ್ಲ ಎಂದು ಹೆದರುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮದುವೆ ಮುಂಜಿಗಳಿಗೆ ಏನು ಮಾಡುವುದು? ಒಂದು ಮೈಸೂರು ರೇಷ್ಮೆ. ಹೌದು, ಒಂದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯಿಂದ ಇಂದಿಗೂ ಬರುತ್ತಿರುವ ಈ ಸೀರೆಯಲ್ಲಿ ಒಡಲಿನ ತುಂಬ ಬುಟ್ಟಾಗಳ ಗದ್ದಲವಿಲ್ಲ. ಒಂದೇ ಬಣ್ಣದ ನಯವಾದ ಕ್ರೇಪ್, ಅಂಚಿನಲ್ಲಿ ಜರಿ. ಒಡವೆ ಹಾಕಿಕೊಂಡರೆ ಮದುವೆಗೆ, ಹಾಕಿಕೊಳ್ಳದಿದ್ದರೆ ಸಹೋದ್ಯೋಗಿಯ ಬೀಳ್ಕೊಡುಗೆಗೆ. ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ, ಕೆಲವು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆ ಇದ್ದಲ್ಲೇ ನೂಲು ಸವೆದು ಸೀಳುತ್ತದೆ. ನುಸಿಗುಳಿಗೆಯನ್ನು ಜರಿಗೆ ತಾಗುವಂತೆ ಇಡಬೇಡಿ, ಜರಿ ಕಪ್ಪಾಗುತ್ತದೆ.

ಇಷ್ಟು ಹೇಳಿದ ಕೂಡಲೇ ಕೇಳುಗರಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ: ಎಲ್ಲ ಮದುವೆಗೂ ಅದೇ ಸೀರೆ ಉಟ್ಟರೆ ಜನ ಏನೆನ್ನುತ್ತಾರೆ? ಕಡಿಮೆ ಬಟ್ಟೆಯಲ್ಲಿ ಬದುಕುವುದಕ್ಕೆ ನಿಜವಾದ ಅಡ್ಡಿ ಇದೇ. ಗಂಡಸರನ್ನು ನೋಡಿ. ಬಿಳಿ ಪಂಚೆ, ಬಿಳಿ ಅಂಗಿ, ಒಂದು ಶಲ್ಯ. ಅಣ್ಣನ ಮಗನ ನಾಮಕರಣದಿಂದ ಅವನ ಮದುವೆಯವರೆಗೂ ಇಷ್ಟರಲ್ಲೇ ಮುಗಿಸುತ್ತಾರೆ. ಯಾರೂ ಪಕ್ಕಕ್ಕೆ ಕರೆದು, ಕಳೆದ ಸಲವೂ ಇದೇ ಅಂಗಿ ಹಾಕಿದ್ದಿರಲ್ಲ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಹೆಂಗಸರಿಗೆ ಮಾತ್ರ ಈ ಪ್ರಶ್ನೆ ತಪ್ಪುವುದಿಲ್ಲ, ಕೇಳುವವರೂ ಹೆಚ್ಚಾಗಿ ಹೆಂಗಸರೇ. ಈಗ ಮೊಬೈಲಿನಲ್ಲಿ ಫೋಟೋಗಳು ಬೇರೆ ಉಳಿದುಬಿಡುತ್ತವೆ. ನನ್ನ ಉತ್ತರ ಸರಳ. ಯಾರಾದರೂ ಅದೇ ಸೀರೆ ಎಂದರೆ, ಹೌದು, ನನಗೆ ಇದು ಬಹಳ ಇಷ್ಟ ಎನ್ನಿ. ಅದಕ್ಕೆ ಮರುಮಾತು ಯಾರ ಬಳಿಯೂ ಇರುವುದಿಲ್ಲ.

ಉಡುಗೊರೆಯದು ಇನ್ನೊಂದು ಕಥೆ. ಗೌರಿ ಹಬ್ಬದ ಬಾಗಿನದಲ್ಲಿ, ಮಡಿಲು ತುಂಬುವಾಗ, ಅರಿಸಿನ ಕುಂಕುಮದ ಜೊತೆ ನಮಗೆ ರವಿಕೆ ಕಣಗಳು ಬರುತ್ತವೆ. ಬಂದವು ಹೊಲಿಗೆ ಕಾಣದೆ ಮತ್ತೊಂದು ಮನೆಗೆ ಹೋಗುತ್ತವೆ, ಅಲ್ಲಿಂದ ಇನ್ನೊಂದು ಮನೆಗೆ. ಕೊನೆಗೊಮ್ಮೆ ಮೊದಲು ಕೊಟ್ಟವರ ಮನೆಗೇ ಮರಳಿ ಬಂದರೂ ಆಶ್ಚರ್ಯವಿಲ್ಲ. ಇದರಲ್ಲಿ ಕೊಡುವ ಸಂಪ್ರದಾಯದ ತಪ್ಪೇನೂ ಇಲ್ಲ. ಹತ್ತು ಅಗ್ಗದ ತುಂಡುಗಳ ಬದಲು ಒಬ್ಬರಿಗೆ ಒಂದು ಒಳ್ಳೆಯ ಖಣ ಕೊಟ್ಟರೆ ಅದು ಹೊಲಿಗೆ ಕಾಣುತ್ತದೆ, ತಂತಿಗೂ ಬರುತ್ತದೆ. ತಾಯಿ, ಅತ್ತೆ ಕೊಟ್ಟ ಸೀರೆಗಳನ್ನು ಈ ಲೆಕ್ಕಕ್ಕೆ ತರಬೇಡಿ. ಅವುಗಳನ್ನು ಬೇರೆ ಪೆಟ್ಟಿಗೆಯಲ್ಲಿಡಿ. ಅವು ಉಡುವುದಕ್ಕಿಂತ ಹೆಚ್ಚಾಗಿ ಇಟ್ಟುಕೊಳ್ಳುವುದಕ್ಕೆ.

ಸಂಖ್ಯೆಯ ಬಗ್ಗೆ ಹಠ ಬೇಡ. ಮೂವತ್ತಮೂರು, ಮೂವತ್ತೇಳು ಎಂದೆಲ್ಲ ಪಟ್ಟಿ ಹಾಕುವವರಿದ್ದಾರೆ. ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ದಪ್ಪ ಹತ್ತಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಒಲೆಯ ಮೇಲಿನ ಗಳುವಿಗೆ ಹಾಕಿದರೆ ಹೊಗೆಯ ವಾಸನೆ ಬರುತ್ತದೆ. ಅಲ್ಲಿನವರಿಗೆ ಹುಬ್ಬಳ್ಳಿಯ ಶಿಕ್ಷಕಿಗಿಂತ ಹೆಚ್ಚು ಬಟ್ಟೆ ಬೇಕು, ಅದರಲ್ಲೂ ತೆಳುವಾದವು ಬೇಕು. ಕಲಬುರಗಿಯ ಬಿಸಿಲಿನಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಗರಿಗರಿಯಾಗಿರುತ್ತದೆ. ಅಲ್ಲಿ ಅರ್ಧ ಇದ್ದರೂ ನಡೆದೀತು. ಬಟ್ಟೆ ಒಣಗಲು ಹಿಡಿಯುವ ಹೊತ್ತು ನಿಮ್ಮ ಸಂಖ್ಯೆಯನ್ನು ಹೇಳುತ್ತದೆ, ಹೊರಗಿನ ಯಾವ ಪಟ್ಟಿಯೂ ಹೇಳಲಾರದು.

ಬೀರುವಿನಿಂದ ತೆಗೆದದ್ದನ್ನು ಏನು ಮಾಡುವುದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹಳೆಯ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೈಹೊಲಿಗೆ ಹಾಕಿ ಕೌದಿ ಮಾಡುವವರು ಇನ್ನೂ ಇದ್ದಾರೆ. ತೊಳೆದು ತೊಳೆದು ಮೆತ್ತಗಾದ ಸೀರೆ ಎಳೆಮಗುವಿನ ತೊಟ್ಟಿಲಿಗೆ ಎಲ್ಲಕ್ಕಿಂತ ಹಿತ. ಪಾಲಿಯೆಸ್ಟರ್ ಮಾತ್ರ ಇದಾವುದಕ್ಕೂ ಆಗುವುದಿಲ್ಲ, ಬೆವರು ಹೀರುವುದಿಲ್ಲ. ಕೊಳ್ಳುವಾಗಲೇ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹೊಸದನ್ನು ಕೊಳ್ಳುವ ಸಂದರ್ಭ ಬಂದೇ ಬರುತ್ತದೆ. ಅಂಗಡಿಗೆ ಹೋಗುವಾಗ ಕೈಚೀಲದಲ್ಲಿ ನಿಮ್ಮ ಆ ನಾಲ್ಕು ರವಿಕೆಗಳನ್ನು ಇಟ್ಟುಕೊಂಡು ಹೋಗಿ. ಸಲ್ವಾರ್ ತೊಡುವವರು ಎರಡು ದುಪಟ್ಟಾಗಳನ್ನು ಒಯ್ಯಿರಿ. ಇಷ್ಟವಾದ ಸೀರೆಯ ಮೇಲೆ ಒಂದೊಂದಾಗಿ ಇಟ್ಟು ನೋಡಿ. ಅಂಗಡಿಯ ದೀಪಗಳಲ್ಲಿ ಎಲ್ಲ ಬಣ್ಣವೂ ಚೆಂದವೇ, ಆದ್ದರಿಂದ ಬಾಗಿಲ ಬಳಿ ಹಗಲಿನ ಬೆಳಕಿಗೆ ತಂದು ನೋಡುತ್ತೇನೆ ಎಂದು ಕೇಳಿ. ಸೀರೆ ತೋರಿಸುವವರು ಒಳಗೊಳಗೇ ಗೊಣಗಬಹುದು, ಗೊಣಗಲಿ. ಎರಡು ರವಿಕೆಗಾದರೂ ಹೊಂದಿದರೆ ಬಿಲ್ ಮಾಡಿಸಿ. ಹೊಂದದಿದ್ದರೆ ಮಡಿಸಿ ವಾಪಸು ಕೊಟ್ಟು, ಬರುವ ದಾರಿಯಲ್ಲಿ ಒಂದು ಮೊಳ ಹೂವು ಕೊಂಡು ಮನೆಗೆ ಬನ್ನಿ.

ನಮಸ್ಕಾರ.